ರಸೀದಿ ಕೈಗೆ ಬರುವ ತನಕ: ಟಿಕೆಟ್ ಕಿಯಾಸ್ಕ್ ಎಲ್ಲರಿಗೂ ಒದಗಬೇಕಾದರೆ ಏನೇನಿರಬೇಕು?

ಕೌಂಟರಿನಾಚೆ ಮನುಷ್ಯರು ಕೂತಿದ್ದಷ್ಟು ದಿನ ಕಣ್ಣು ಕಾಣದವರಿಗೆ ಟಿಕೆಟ್ ಕೊಳ್ಳಲು ಬಾಯಿಮಾತು ಸಾಕಿತ್ತು: ‘ಮೈಸೂರಿಗೆ ಒಂದು ಕೊಡಿ.’ ಕಿವಿ ಕೇಳದವರು ಚೀಟಿಯ ಮೇಲೆ ಊರಿನ ಹೆಸರು ಬರೆದು ಕಿಂಡಿಯೊಳಗೆ ಚಾಚುತ್ತಿದ್ದರು. ಕೈ ನಡುಗುವವರ ಚಿಲ್ಲರೆಯನ್ನು ಒಳಗಿದ್ದವರೇ ಎಣಿಸಿಕೊಳ್ಳುತ್ತಿದ್ದರು. ಈಗ ಆ ಕಿಂಡಿಯ ಜಾಗದಲ್ಲಿ ಕಿಯಾಸ್ಕ್, ಅಂದರೆ ನಾವೇ ಒತ್ತಿ ಕೆಲಸ ಮುಗಿಸಿಕೊಳ್ಳಬೇಕಾದ ಗಾಜಿನ ಪರದೆಯ ಯಂತ್ರ ನಿಂತಿದೆ. ರೈಲು ನಿಲ್ದಾಣದಲ್ಲಿ ಟಿಕೆಟ್, ಆಸ್ಪತ್ರೆಯಲ್ಲಿ ಟೋಕನ್, ವಿಮಾನ ನಿಲ್ದಾಣದಲ್ಲಿ ಬೋರ್ಡಿಂಗ್ ಪಾಸ್, ಬ್ಯಾಂಕಿನಲ್ಲಿ ಪಾಸ್‌ಬುಕ್ ಮುದ್ರಣ ಎಲ್ಲವೂ ಅದರ ಮೇಲೆ. ಗಾಜಿಗೆ ಬಾಯಿಮಾತು ತಿಳಿಯುವುದಿಲ್ಲ, ಬೆರಳಿಗೆ ಗಾಜಿನ ಮೇಲಿರುವುದು ತಿಳಿಯುವುದಿಲ್ಲ. ಒಂದು ಕಿಯಾಸ್ಕ್ ಬಂದು ಎರಡು ಕೌಂಟರ್ ಮುಚ್ಚಿದಾಗ ಮೊದಲು ಬಾಗಿಲು ಹಾಕಿಸಿಕೊಳ್ಳುವವರು ಅಂಗವಿಕಲರೇ.

ಕಿಯಾಸ್ಕ್ ಸುಗಮವಾಗಿದೆಯೇ, ಅಂದರೆ ಅಂಗವಿಕಲರೂ ಬಳಸುವಂತಿದೆಯೇ ಎಂದು ನೋಡಲು ಜನ ಸಾಮಾನ್ಯವಾಗಿ ಅದರ ಮೈಮೇಲೆ ಏನೇನಿದೆ ಎಂದು ಎಣಿಸುತ್ತಾರೆ: ಬ್ರೈಲ್ ಇದೆ, ಹೆಡ್‌ಫೋನ್ ತೂತು ಇದೆ, ರ್‍ಯಾಂಪ್ ಇದೆ. ಈ ಎಣಿಕೆಯಿಂದ ಏನೂ ಗೊತ್ತಾಗುವುದಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆ. ಒಬ್ಬರೇ ಬಂದು, ಪಕ್ಕದವರನ್ನು ಕರೆಯದೆ, ಪಿನ್ ಯಾರಿಗೂ ಹೇಳದೆ, ರಸೀದಿ ಕೈಗೆ ಬರುವ ತನಕ ಕೆಲಸ ಮುಗಿಸಲು ಆಗುತ್ತದೆಯೇ? ಹತ್ತು ಹೆಜ್ಜೆಯ ಕೆಲಸದಲ್ಲಿ ಒಂಬತ್ತು ಸರಾಗವಾಗಿ ಆಗಿ ಹತ್ತನೆಯದು ನಿಂತುಹೋದರೆ ಆ ಯಂತ್ರಕ್ಕೆ ನೂರಕ್ಕೆ ತೊಂಬತ್ತು ಅಂಕ ಬರುವುದಿಲ್ಲ, ಸೊನ್ನೆ ಬರುತ್ತದೆ. ಟಿಕೆಟ್ ಸಿಗಲಿಲ್ಲ, ರೈಲು ಹೋಯಿತು, ಅಷ್ಟೇ. ಆದ್ದರಿಂದ ಇಲ್ಲಿ ಕಾಲುದಾರಿಯಿಂದ ರಸೀದಿಯವರೆಗಿನ ದಾರಿಯನ್ನೇ ಹಿಡಿದು, ಎಲ್ಲೆಲ್ಲಿ ಅದು ತುಂಡಾಗುತ್ತದೆ, ಏಕೆ ತುಂಡಾಗುತ್ತದೆ ಎಂದು ನೋಡೋಣ.

ಎಟಿಎಂ ಕಲಿಸಿದ ಪಾಠ

ನಮ್ಮ ದೇಶಕ್ಕೆ ಇದು ಹೊಸ ವಿಷಯವಲ್ಲ. ಹೊಸದಾಗಿ ಹಾಕುವ ಎಟಿಎಂಗಳಲ್ಲಿ ಮೂರನೇ ಒಂದು ಭಾಗವಾದರೂ ಬ್ರೈಲ್ ಕೀಪ್ಯಾಡ್ ಇರುವ ಮಾತಾಡುವ ಯಂತ್ರಗಳಾಗಿರಲಿ ಎಂದು ರಿಸರ್ವ್ ಬ್ಯಾಂಕ್ 2009ರಲ್ಲೇ ಬ್ಯಾಂಕುಗಳಿಗೆ ಸೂಚಿಸಿತ್ತು. 2012ರಲ್ಲಿ ಯೂನಿಯನ್ ಬ್ಯಾಂಕ್ ಅಹಮದಾಬಾದಿನಲ್ಲಿ ಮಾತಾಡುವ ಎಟಿಎಂ ತೆರೆಯಿತು. 2014ರ ಮೇ ತಿಂಗಳ ಸುತ್ತೋಲೆ ಇನ್ನೂ ಮುಂದೆ ಹೋಗಿ, ಅದೇ ವರ್ಷದ ಜುಲೈ 1ರಿಂದ ಹಾಕುವ ಪ್ರತಿ ಹೊಸ ಎಟಿಎಂ ಕೂಡ ಮಾತಾಡಬೇಕು, ಬ್ರೈಲ್ ಕೀಪ್ಯಾಡ್ ಹೊಂದಿರಬೇಕು ಎಂದಿತು.

ಒಳ್ಳೆಯ ಮಾತಾಡುವ ಎಟಿಎಂ ಕೆಲಸ ಮಾಡುವ ರೀತಿ ಹೀಗೆ. ಹೆಡ್‌ಫೋನ್ ಸಿಕ್ಕಿಸಿದೊಡನೆ ದನಿ ತಾನಾಗಿ ಶುರುವಾಗುತ್ತದೆ. ಪರದೆಯಲ್ಲಿ ಏನನ್ನೂ ಒತ್ತಬೇಕಿಲ್ಲ. ಕಾರ್ಡ್ ಹಾಕುವ ಜಾಗ ಕೀಪ್ಯಾಡಿನ ಯಾವ ಬದಿಗಿದೆ ಎಂದು ಹೇಳುತ್ತದೆ. ಕೀಪ್ಯಾಡಿನ 5ರ ಮೇಲೆ ಒಂದು ಉಬ್ಬು ಚುಕ್ಕೆ ಇರುತ್ತದೆ. ನಡುಬೆರಳು ಅದರ ಮೇಲೆ ಕೂತರೆ ಉಳಿದ ಒಂಬತ್ತು ಅಂಕಿಗಳೂ ಎಲ್ಲಿವೆ ಎಂದು ಗೊತ್ತಾಯಿತು. ಪಿನ್ ಒತ್ತುವಾಗ ಅಂಕಿಯನ್ನು ಉಚ್ಚರಿಸದೆ ಬರೀ ಟಿಕ್ ಎನ್ನುತ್ತದೆ. ಬೇಕೆಂದರೆ ಪರದೆಯನ್ನು ಕಪ್ಪು ಮಾಡುತ್ತದೆ, ಹಿಂದೆ ನಿಂತವರಿಗೆ ಖಾತೆಯ ಬಾಕಿ ಕಾಣದಂತೆ. ಕೊನೆಗೆ ‘ಕಾರ್ಡ್ ತೆಗೆದುಕೊಳ್ಳಿ’, ‘ಹಣ ತೆಗೆದುಕೊಳ್ಳಿ’ ಎಂದು ಒಂದೊಂದಾಗಿ ಹೇಳುತ್ತದೆ.

ಇಂಥ ಯಂತ್ರವೂ ಸೋಲುವುದು ಯಂತ್ರಜ್ಞಾನ ಸಾಲದೆ ಅಲ್ಲ. ಹೆಡ್‌ಫೋನ್ ತೂತಿನಲ್ಲಿ ಧೂಳು ಗಟ್ಟಿಯಾಗಿರುತ್ತದೆ. ಕೆಟ್ಟ ಕೀಪ್ಯಾಡ್ ಬದಲಿಸಲು ಬಂದವರು ಚುಕ್ಕೆ ಇಲ್ಲದ್ದನ್ನು ಹಾಕಿ ಹೋಗಿರುತ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ ಕಾಡುವುದು ಸಾಫ್ಟ್‌ವೇರ್ ಬದಲಾವಣೆ. ನಡುವೆ ಒಂದು ಹೊಸ ಪರದೆ ಸೇರುತ್ತದೆ, ‘ವಿಮೆ ಬೇಕೇ, ಸಾಲ ಬೇಕೇ’ ಎಂದು ಕೇಳುವಂಥದ್ದು. ಪರದೆಗೆ ಚಿತ್ರ ಬಂತು, ದನಿಗೆ ಸಾಲು ಬರಲಿಲ್ಲ. ಕೇಳುತ್ತಿರುವವರಿಗೆ ಆ ಜಾಗದಲ್ಲಿ ಮೌನ. ಯಂತ್ರ ಕೆಟ್ಟಿತೆಂದುಕೊಂಡು ಕಾಯುತ್ತಾರೆ, ಅವಧಿ ಮೀರಿ ಕಾರ್ಡ್ ಹೊರಬರುತ್ತದೆ. ಹೊಸ ಕಿಯಾಸ್ಕ್ ಮಾಡುವ ಯಾರೇ ಆಗಲಿ ಮೊದಲು ತಿಳಿಯಬೇಕಾದ್ದು ಇದನ್ನು: ಪರದೆಗೊಂದು ಹಾದಿ, ದನಿಗೊಂದು ಹಾದಿ ಎಂದು ಬೇರೆ ಬೇರೆ ಕಟ್ಟಿದರೆ ಒಂದಲ್ಲ ಒಂದು ದಿನ ಅವು ಅಗಲುತ್ತವೆ. ಪರದೆಯ ಮೇಲಿನ ಪಠ್ಯವೇ ದನಿಯಾಗುವಂತೆ ಕಟ್ಟಬೇಕು.

ಕಾನೂನು ಎಲ್ಲಿ ನಿಂತಿದೆ

ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2016ರಲ್ಲಿ ಬಂದು 2017ರ ಏಪ್ರಿಲ್‌ನಲ್ಲಿ ಜಾರಿಯಾಯಿತು. ಅದು 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುತ್ತದೆ. ಕುಷ್ಠರೋಗದಿಂದ ಗುಣವಾದವರು, ಆಸಿಡ್ ದಾಳಿಗೆ ಒಳಗಾದವರು, ಕಲಿಕಾ ನ್ಯೂನತೆ ಇರುವವರು ಎಲ್ಲರೂ ಅದರಲ್ಲಿದ್ದಾರೆ. ಕಿಯಾಸ್ಕ್‌ನಂಥ ಮಾಹಿತಿ ತಂತ್ರಜ್ಞಾನ ಸಾಧನಗಳಿಗೆ ನಮ್ಮದೇ ಮಾನಕ ಐಎಸ್ 17802. ಮೊದಲ ಭಾಗ 2021ರಲ್ಲಿ, ಎರಡನೆಯದು 2022ರಲ್ಲಿ ಬಂತು. ಯೂರೋಪಿನ ಇಎನ್ 301 549 ಅದಕ್ಕೆ ಆಧಾರ. 2024ರ ನವೆಂಬರ್ 8ರಂದು ರಾಜೀವ್ ರಾತುರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ದೊಡ್ಡ ಮಾತು ಹೇಳಿತು: ಮಾನಕಗಳನ್ನು ಬರೀ ಸಲಹೆಯ ಮಟ್ಟದಲ್ಲಿ ಇಟ್ಟಿದ್ದ, ಈ ಕಾಯ್ದೆಯಡಿ ರೂಪಿಸಿದ 15ನೇ ನಿಯಮ ಮೂಲ ಕಾಯ್ದೆಗೇ ವಿರುದ್ಧ, ಕಡ್ಡಾಯ ನಿಯಮ ರೂಪಿಸಿ ಎಂದಿತು. ಯೂರೋಪಿನಲ್ಲಿ 2025ರ ಜೂನ್ 28ರಿಂದ ಹೊಸ ಟಿಕೆಟ್ ಯಂತ್ರ, ಎಟಿಎಂ, ಚೆಕ್-ಇನ್ ಯಂತ್ರಗಳು ಸುಗಮವಾಗಿರುವುದು ಕಡ್ಡಾಯ. ಆದರೆ ಅದಕ್ಕೂ ಮೊದಲೇ ಬಳಕೆಯಲ್ಲಿದ್ದ ಯಂತ್ರಗಳನ್ನು 20 ವರ್ಷದವರೆಗೂ ಉಳಿಸಿಕೊಳ್ಳಲು ಸದಸ್ಯ ದೇಶಗಳು ಅವಕಾಶ ಕೊಡಬಹುದು. ಕಬ್ಬಿಣದ ಪೆಟ್ಟಿಗೆಯ ಆಯಸ್ಸು ಅಷ್ಟು ದೊಡ್ಡದು. ಇಂದು ಟೆಂಡರಿನಲ್ಲಿ ಮಾಡಿದ ತಪ್ಪು ಇಂದು ಹುಟ್ಟಿದ ಮಗು ಕಾಲೇಜು ಮುಗಿಸುವವರೆಗೂ ಅಲ್ಲೇ ನಿಂತಿರುತ್ತದೆ.

ನೆಲ ಮತ್ತು ಎತ್ತರ

ಯಂತ್ರ ಎಷ್ಟೇ ಚೆನ್ನಾಗಿರಲಿ, ಅದರ ಮುಂದೆ ಒಂದು ಮೆಟ್ಟಿಲಿದ್ದರೆ ಗಾಲಿಕುರ್ಚಿಯವರಿಗೆ ಅದು ಇಲ್ಲದಂತೆಯೇ. ರ್‍ಯಾಂಪಿನ ಇಳಿಜಾರು 1:12ಕ್ಕಿಂತ ಕಡಿದಾಗಿರಬಾರದು. ಅಂದರೆ 150 ಮಿ.ಮೀ. ಮೆಟ್ಟಿಲು ಏರಲು 1,800 ಮಿ.ಮೀ. ಉದ್ದದ ರ್‍ಯಾಂಪ್ ಬೇಕು. ಅಂಗಡಿ ಸಾಲಿನ ಎಟಿಎಂಗಳ ಮುಂದೆ ಎರಡಡಿಯಲ್ಲಿ ಇಳಿಸಿಬಿಡುವ ಸಿಮೆಂಟಿನ ಗುಡ್ಡೆ ರ್‍ಯಾಂಪ್ ಅಲ್ಲ. ಅದರ ಮೇಲೆ ಕುರ್ಚಿ ಹಿಂದಕ್ಕೆ ಮಗುಚುತ್ತದೆ. ಮೇಲೆ ಹತ್ತಿದ ಮೇಲೆ ಕುರ್ಚಿ ತಿರುಗಲು 1,500 ಮಿ.ಮೀ. ಸಮತಟ್ಟು ಜಾಗ ಬೇಕು. ಯಂತ್ರದ ಎದುರು 760 ಮಿ.ಮೀ. ಅಗಲ, 1,220 ಮಿ.ಮೀ. ಉದ್ದದ ಖಾಲಿ ನೆಲ ಬೇಕು. ನಕ್ಷೆಯಲ್ಲಿ ಆ ಜಾಗ ಇದ್ದೇ ಇರುತ್ತದೆ. ಆಮೇಲೆ ಅಲ್ಲಿ ಕಸದ ಡಬ್ಬಿ ಬರುತ್ತದೆ, ಸರತಿಯ ಕಂಬ ಬರುತ್ತದೆ, ಜಾಹೀರಾತಿನ ಹಲಗೆ ಬರುತ್ತದೆ. ನೆಲದ ಮೇಲೆ ಗೆರೆ ಎಳೆದು ಗಾಲಿಕುರ್ಚಿಯ ಚಿಹ್ನೆ ಬರೆದಿಟ್ಟರೆ ಈ ಸಾಮಾನುಗಳು ಕಡಿಮೆಯಾಗುತ್ತವೆ.

ಎತ್ತರದ ಲೆಕ್ಕ ಇನ್ನೂ ಸರಳ. ಕುರ್ಚಿಯಲ್ಲಿ ಕೂತವರ ಕೈಗೆ ನೆಲದಿಂದ 380ರಿಂದ 1,220 ಮಿ.ಮೀ. ಒಳಗಿನದು ಎಟುಕುತ್ತದೆ. ಈಗ ಒಂದು 32 ಇಂಚಿನ ಪರದೆಯನ್ನು ಉದ್ದಕ್ಕೆ ನಿಲ್ಲಿಸಿ ನೋಡಿ. ಅದರ ಎತ್ತರ ಸುಮಾರು 710 ಮಿ.ಮೀ. ಕೆಳ ಅಂಚು 900 ಮಿ.ಮೀ. ಮೇಲಿದ್ದರೆ ಮೇಲಂಚು 1,610ಕ್ಕೆ ಹೋಯಿತು. ಪರದೆಯ ಅರ್ಧಕ್ಕಿಂತ ಹೆಚ್ಚು ಭಾಗ ಕೈಗೆ ಸಿಗದು. ‘ಹಿಂದಕ್ಕೆ’ ಮತ್ತು ‘ಮುಖ್ಯ ಪುಟ’ ಗುಂಡಿಗಳನ್ನು ಮೇಲಿನ ಮೂಲೆಯಲ್ಲಿ ಇಡುವ ಅಭ್ಯಾಸ ಫೋನಿನಿಂದ ಬಂದದ್ದು. ಕಿಯಾಸ್ಕ್‌ನಲ್ಲಿ ಅದು ಎತ್ತರದವರಿಗಷ್ಟೇ ಮೀಸಲಾಗುತ್ತದೆ. ಪರಿಹಾರ ಎರಡು. ಒತ್ತುವ ಗುಂಡಿಗಳೆಲ್ಲ ಎಂದೆಂದಿಗೂ ಕೆಳಭಾಗದಲ್ಲೇ ಇರಲಿ, ಮೇಲ್ಭಾಗ ಬರೀ ನೋಡಲಿಕ್ಕಿರಲಿ. ಅಥವಾ ಕೆಳ ಮೂಲೆಯಲ್ಲಿ ಒಂದು ಗುಂಡಿ ಇದ್ದು, ಅದನ್ನು ಒತ್ತಿದರೆ ಇಡೀ ಪುಟ ಕುಗ್ಗಿ ಕೆಳಕ್ಕಿಳಿಯಲಿ. ಮೊದಲನೆಯದೇ ಲೇಸು, ಏಕೆಂದರೆ ಎರಡನೆಯದರಲ್ಲಿ ಅಕ್ಷರವೂ ಕುಗ್ಗುತ್ತದೆ. ಕುಳ್ಳಗಿರುವವರು, ಮಕ್ಕಳು, ಬೆನ್ನು ಬಾಗಿದ ಅಜ್ಜ ಅಜ್ಜಿಯರು ಇವರೆಲ್ಲರೂ ಇದೇ ಲೆಕ್ಕದೊಳಗೆ ಬರುತ್ತಾರೆ.

ನೇರವಾಗಿ ಎದುರು ಬಂದು ನಿಲ್ಲಬೇಕಾದರೆ ಮಂಡಿ ಹೋಗಲು ಕೆಳಗೆ 685 ಮಿ.ಮೀ. ಎತ್ತರದ ಟೊಳ್ಳು ಬೇಕು. ಯಂತ್ರ ನೆಲದವರೆಗೂ ಪೆಟ್ಟಿಗೆಯಾಗಿದ್ದರೆ ಕಾಲು ತಾಗಿ ಕುರ್ಚಿ ಒಂದೂವರೆ ಅಡಿ ಹಿಂದೆಯೇ ನಿಲ್ಲುತ್ತದೆ, ಕೈ ಅಷ್ಟೂ ಕಡಿಮೆ ಎಟುಕುತ್ತದೆ. ಕೂತವರ ಕಣ್ಣಿಗೆ ಚಾವಣಿಯ ದೀಪದ ಪ್ರತಿಬಿಂಬ ನೇರ ಪರದೆಯ ಮೇಲೆ ಬೀಳುತ್ತದೆ ಎಂಬುದು ನಿಂತು ಪರೀಕ್ಷಿಸುವ ಎಂಜಿನಿಯರಿಗೆ ಕಾಣುವುದೇ ಇಲ್ಲ. ಯಂತ್ರ ಹಾಕುವ ದಿನ ಒಂದು ಸ್ಟೂಲು ತಂದು ಅದರ ಮೇಲೆ ಕೂತು ನೋಡಿದರೆ ಸಾಕು, ಕೂಡಲೇ ಕಾಣುತ್ತದೆ.

ಗಾಜು ಮತ್ತು ಗುಂಡಿ

ಟಚ್ ಪರದೆಗಳೆಲ್ಲ ಒಂದೇ ಅಲ್ಲ. ಫೋನಿನಲ್ಲಿರುವಂಥದ್ದು ಚರ್ಮದ ವಿದ್ಯುತ್ ಗುಣವನ್ನು ಗ್ರಹಿಸುತ್ತದೆ. ಕೃತಕ ಕೈಯ ಪ್ಲಾಸ್ಟಿಕ್ ಬೆರಳು, ಬಾಯಲ್ಲಿ ಹಿಡಿದ ಕಡ್ಡಿ, ಕೈಗವಸು ಹಾಕಿದ ಕೈ ಯಾವುದೂ ಅದಕ್ಕೆ ತಿಳಿಯದು. ಒಣಗಿ ಬಿರಿದ ಬೆರಳನ್ನೂ ಕೆಲವೊಮ್ಮೆ ಅದು ಗುರುತಿಸುವುದಿಲ್ಲ. ಅಂಚಿನಲ್ಲಿ ಇನ್‌ಫ್ರಾರೆಡ್ ಕಿರಣ ಹಾಯಿಸುವ ಪರದೆಗೆ ಏನು ತಾಗಿದರೂ ಆಯಿತು. ಒತ್ತಡಕ್ಕೆ ಸ್ಪಂದಿಸುವ ಹಳೆಯ ಬಗೆಯದಕ್ಕೂ ಅಷ್ಟೇ, ಆದರೆ ಅದಕ್ಕೆ ಬಲ ಹಾಕಬೇಕು. ಒತ್ತುವ ಬಲಕ್ಕೂ ಮಿತಿ ಇದೆ: 22 ನ್ಯೂಟನ್, ಅಂದರೆ ಸುಮಾರು ಎರಡೂಕಾಲು ಕಿಲೋ ತೂಕ ಇಟ್ಟಷ್ಟು. ಕಾರ್ಡ್ ಎಳೆಯುವುದಕ್ಕೂ ಇದೇ ಮಿತಿ. ಎರಡು ಬೆರಳಿನಿಂದ ಚಿವುಟಿ ಹಿಡಿದೇ ಎಳೆಯಬೇಕಾದ ವಿನ್ಯಾಸ ಸಂಧಿವಾತದ ಕೈಗಳಿಗೆ ಆಗದು.

ಕೈ ನಡುಗುವವರಿಗೆ ಸಾಫ್ಟ್‌ವೇರಿನ ಒಂದು ಸಣ್ಣ ನಿರ್ಧಾರ ಬಹಳ ದೊಡ್ಡದು. ಗುಂಡಿ ಕೆಲಸ ಮಾಡಬೇಕಾದ್ದು ಬೆರಳು ತಾಗಿದ ಕ್ಷಣಕ್ಕಲ್ಲ, ಬೆರಳು ಮೇಲೆದ್ದ ಕ್ಷಣಕ್ಕೆ. ತಪ್ಪು ಗುಂಡಿಯ ಮೇಲೆ ಬೆರಳು ಬಿದ್ದರೆ ಅದನ್ನು ಪಕ್ಕಕ್ಕೆ ಜಾರಿಸಿ ಬಿಡಬಹುದು, ಏನೂ ಆಗದು. ಒಂದೇ ಗುಂಡಿಗೆ ಅರೆ ಕ್ಷಣದಲ್ಲಿ ಎರಡು ಸಲ ತಾಗಿದರೆ ಎರಡನೆಯದನ್ನು ಎಣಿಸಬಾರದು. ಎಣಿಸಿದರೆ ಒಂದರ ಜಾಗದಲ್ಲಿ ಎರಡು ಟಿಕೆಟ್ ಬರುತ್ತದೆ. ಗುಂಡಿಯ ಅಗಲ 20 ಮಿ.ಮೀ.ಗಿಂತ ಕಡಿಮೆ ಬೇಡ, ನಡುವೆ ಬಿಡುವು ಇರಲಿ.

ಕಣ್ಣು ಕಾಣದವರಿಗೆ ಗಾಜಿನ ಬದಲು ಬೇಕಾದ್ದು ಕೈಗೆ ಸಿಗುವ ಗುಂಡಿಗಳು. ಇದಕ್ಕೆಂದೇ ಸಣ್ಣ ಕೀಪ್ಯಾಡ್‌ಗಳಿವೆ: ನಾಲ್ಕು ಬಾಣ, ನಡುವೆ ಒಂದು ದುಂಡು ಗುಂಡಿ, ದನಿ ಏರಿಸುವ ಇಳಿಸುವ ಗುಂಡಿ, ಒಂದು ಹೆಡ್‌ಫೋನ್ ತೂತು. ಬೇರೆ ಬೇರೆ ಗುಂಡಿಗೆ ಬೇರೆ ಬೇರೆ ಆಕಾರ ಇರುವುದರಿಂದ ಬ್ರೈಲ್ ಓದಲು ಬಾರದವರಿಗೂ ಆಗುತ್ತದೆ. ದೃಷ್ಟಿ ಕಳೆದುಕೊಂಡವರಲ್ಲಿ ಬ್ರೈಲ್ ಕಲಿಯದವರು ಬಹಳ ಮಂದಿ, ಅದರಲ್ಲೂ ವಯಸ್ಸಾದ ಮೇಲೆ ಕಣ್ಣು ಹೋದವರು. ಹಾಗಾಗಿ ಬ್ರೈಲ್ ಇರಲಿ, ಅದನ್ನೇ ನಂಬಿ ಕೂರುವುದು ಬೇಡ. ‘ಹೆಡ್‌ಫೋನ್ ಇಲ್ಲಿ’, ‘ಸಹಾಯ’, ‘ರಸೀದಿ’ ಎಂಬ ಮೂರು ನಾಲ್ಕು ಮಾತು ಕನ್ನಡ ಬ್ರೈಲ್‌ನಲ್ಲಿ ಸರಿಯಾದ ಜಾಗದಲ್ಲಿದ್ದರೆ ಅದು ಕೆಲಸಕ್ಕೆ ಬರುತ್ತದೆ. ನುಣ್ಣಗಿನ ಟಚ್ ಗಾಜಿನ ಪಕ್ಕದಲ್ಲಿ ಉದ್ದ ವಾಕ್ಯದ ಬ್ರೈಲ್ ಫಲಕ ಅಂಟಿಸಿದರೆ ಓದಿದ ಮೇಲೂ ಮಾಡಲು ಏನೂ ಇರುವುದಿಲ್ಲ.

ತಂತಿಯ ಹೆಡ್‌ಫೋನ್ ಈಗ ಎಲ್ಲರ ಜೇಬಿನಲ್ಲಿ ಇರುವುದಿಲ್ಲ. ಆದ್ದರಿಂದ ತೂತಿನ ಜೊತೆಗೆ ಕಿವಿಗೆ ಹಿಡಿಯುವ ಒಂದು ರಿಸೀವರ್ ಇದ್ದರೆ ಒಳ್ಳೆಯದು. ಸ್ಪೀಕರಿನಲ್ಲೂ ಕೇಳಿಸಬಹುದು, ಆದರೆ ಪಿನ್, ಬಾಕಿ, ಕಾಯಿಲೆಯ ವಿಭಾಗ ಇಂಥವು ಜೋರಾಗಿ ಕೇಳಿಸಬಾರದು. ಒಬ್ಬರು ಏರಿಸಿಟ್ಟ ದನಿ ಅವರು ಹೋದೊಡನೆ ಮಾಮೂಲಿಗೆ ಇಳಿಯಬೇಕು, ಇಲ್ಲವಾದರೆ ಮುಂದಿನವರ ಕಿವಿಗೆ ಪೆಟ್ಟು.

ದನಿಯ ಬರವಣಿಗೆ

ಕಿಯಾಸ್ಕ್ ಎಂದರೆ ಮುಚ್ಚಿದ ಯಂತ್ರ. ನಮ್ಮ ಫೋನಿನಲ್ಲಿ ಪರದೆಯ ಮೇಲಿರುವುದನ್ನು ಓದಿ ಹೇಳುವ ನಮ್ಮ ಸ್ಕ್ರೀನ್ ರೀಡರ್ ಇರುತ್ತದೆ. ಇದರೊಳಗೆ ನಾವು ಏನನ್ನೂ ಹಾಕಲಾರೆವು. ಹಾಗಾಗಿ ಮಾತಾಡುವ ಹೊಣೆ ಯಂತ್ರದ್ದೇ. ಇಂದಿನ ಬಹಳಷ್ಟು ಕಿಯಾಸ್ಕ್‌ಗಳ ಒಳಗಿರುವುದು ಪೂರ್ಣ ಪರದೆಗೆ ಹಿಗ್ಗಿಸಿದ ಒಂದು ವೆಬ್ ಪುಟ. ಅದರ ಗುಂಡಿಗಳನ್ನು ನಿಜವಾದ ಗುಂಡಿಗಳಾಗಿ ಬರೆಯದೆ ಬರೀ ಬಣ್ಣದ ಚೌಕಗಳಾಗಿ ಬರೆದಿದ್ದರೆ ಸ್ಕ್ರೀನ್ ರೀಡರಿಗೆ ಅಲ್ಲಿ ಏನೂ ಕಾಣುವುದಿಲ್ಲ. ಚಿತ್ರಕ್ಕೆ ಹೆಸರು ಕೊಡದಿದ್ದರೆ ಕೇಳಿಸುವುದು ಇಷ್ಟೇ: ‘ಚಿತ್ರ. ಬಟನ್. ಬಟನ್. ಬಟನ್.’

ಸರಿಯಾಗಿ ಬರೆದದ್ದು ಹೇಗೆ ಕೇಳಿಸಬೇಕು? ಹೆಡ್‌ಫೋನ್ ಸಿಕ್ಕಿಸಿದಾಗ: ‘ಟಿಕೆಟ್ ಯಂತ್ರ. ಬಾಣದ ಗುಂಡಿ ಒತ್ತುತ್ತಾ ಹೋದರೆ ಆಯ್ಕೆಗಳು ಕೇಳಿಸುತ್ತವೆ. ಬೇಕಾದ್ದು ಬಂದಾಗ ನಡುವಿನ ದುಂಡು ಗುಂಡಿ ಒತ್ತಿ.’ ಮುಂದೆ: ‘ಟಿಕೆಟ್ ಕೊಳ್ಳಿ. ನಾಲ್ಕರಲ್ಲಿ ಒಂದನೆಯದು.’ ಮೊದಲು ವಿಷಯ, ಆಮೇಲೆ ಎಣಿಕೆ. ‘ಇದು ನಾಲ್ಕು ಆಯ್ಕೆಗಳಲ್ಲಿ ಮೊದಲನೆಯ ಆಯ್ಕೆಯಾಗಿದ್ದು’ ಎಂದು ಶುರುಮಾಡಿದರೆ ಬೇಕಾದ ಪದ ಬರುವ ಹೊತ್ತಿಗೆ ಸಹನೆ ಮುಗಿದಿರುತ್ತದೆ. ಮಾತಿನ ನಡುವೆ ಗುಂಡಿ ಒತ್ತಿದರೆ ಮಾತು ಅಲ್ಲೇ ನಿಂತು ಮುಂದಿನದಕ್ಕೆ ಹೋಗಬೇಕು. ಮತ್ತೆ ಕೇಳಿಸುವ ಗುಂಡಿಯೊಂದು ಇರಲೇಬೇಕು, ನಿಲ್ದಾಣದ ಗದ್ದಲದಲ್ಲಿ ಒಂದೇ ಸಲಕ್ಕೆ ಎಲ್ಲವೂ ಕೇಳಿಸುವುದಿಲ್ಲ.

ಉದ್ದ ಪಟ್ಟಿಗಳು ಬಂದಾಗ ಕಷ್ಟ ಹೆಚ್ಚು. ಎಂಬತ್ತು ನಿಲ್ದಾಣಗಳ ಪಟ್ಟಿಯನ್ನು ಹೆಸರಿಗೆ ಎರಡು ಸೆಕೆಂಡಿನಂತೆ ಓದಿದರೆ ಎರಡು ನಿಮಿಷ ನಲವತ್ತು ಸೆಕೆಂಡ್ ಬೇಕು. ಬೆಂಗಳೂರು ಮೆಟ್ರೊದಲ್ಲಾದರೆ ಜನ ಮಾತಾಡುವುದೇ ಬಣ್ಣದಲ್ಲಿ: ನೇರಳೆ, ಹಸಿರು, ಹಳದಿ. ಮೊದಲು ಮಾರ್ಗ, ಆಮೇಲೆ ಮೊದಲ ಅಕ್ಷರ, ಆಮೇಲೆ ಹೆಸರು ಎಂದು ಮೂರು ಹೆಜ್ಜೆ ಮಾಡಿದರೆ ಕೆಲಸ ಕೆಲವೇ ಸೆಕೆಂಡಿನದು. ಇನ್ನೊಂದು ಮಾತು: ಮೆಜೆಸ್ಟಿಕ್ ನಿಲ್ದಾಣದ ಅಧಿಕೃತ ಹೆಸರು ನಾಡಪ್ರಭು ಕೆಂಪೇಗೌಡ ನಿಲ್ದಾಣ. ‘ಮ’ ಅಕ್ಷರದಡಿ ಹುಡುಕುವವರಿಗೂ ಅದು ಸಿಗಬೇಕು. ಕಣ್ಣಿರುವವರು ಪಟ್ಟಿಯ ಮೇಲೆ ಕಣ್ಣಾಡಿಸಿ ಹುಡುಕಿಕೊಳ್ಳುತ್ತಾರೆ, ಕೇಳುವವರು ಹಾಗೆ ಕಣ್ಣಾಡಿಸಲಾರರು.

ಕನ್ನಡದ ದನಿಗೆ ನಮ್ಮದೇ ತೊಡಕುಗಳಿವೆ. ಪುಟದ ಭಾಷೆ ಕನ್ನಡ ಎಂದು ಕೋಡಿನಲ್ಲಿ ಗುರುತು ಹಾಕದಿದ್ದರೆ ಇಂಗ್ಲಿಷಿನ ದನಿ ಕನ್ನಡ ಅಕ್ಷರಗಳನ್ನು ಓದಲು ಹೋಗಿ ಎಷ್ಟೋ ಸಲ ಏನನ್ನೂ ಹೇಳದೆ ದಾಟಿಬಿಡುತ್ತದೆ. ಪರದೆಯಲ್ಲಿ ಎಲ್ಲ ಸರಿ, ಕಿವಿಗೆ ಏನೂ ಇಲ್ಲ. ‘ಪ್ಲಾ.ನಂ.’, ‘ಕಿ.ಮೀ.’ ಎಂಬ ಮೊಟಕುಗಳನ್ನು ಬಿಡಿಸಿ ಬರೆದು ಕೊಡಬೇಕು.

ಮನುಷ್ಯರ ದನಿಯನ್ನು ಮುದ್ರಿಸಿಕೊಂಡು ಜೋಡಿಸುವುದಾದರೆ ಅಂಕಿಗಳ ಬಗ್ಗೆ ಎಚ್ಚರ. ಇಂಗ್ಲಿಷಿನ ಮಾದರಿಯಲ್ಲಿ ‘ಇಪ್ಪತ್ತು’ ಮತ್ತು ‘ಐದು’ ಎಂಬ ಎರಡು ತುಣುಕು ಅಂಟಿಸಿದರೆ ‘ಇಪ್ಪತ್ತು, ಐದು’ ಎಂದು ಕೇಳಿಸುತ್ತದೆ. ಇಪ್ಪತ್ತು ರೂಪಾಯಿಯ ಟಿಕೆಟ್ ಐದೋ, ಐದು ರೂಪಾಯಿಯ ಟಿಕೆಟ್ ಇಪ್ಪತ್ತೋ? ಕನ್ನಡದಲ್ಲಿ ಅದು ಸಂಧಿಯಾಗಿ ‘ಇಪ್ಪತ್ತೈದು’. ಹಾಗಾಗಿ ಒಂದರಿಂದ ತೊಂಬತ್ತೊಂಬತ್ತರವರೆಗೆ ಪ್ರತಿಯೊಂದನ್ನೂ ಬೇರೆಯಾಗಿ ಮುದ್ರಿಸಬೇಕು. ನೂರುಗಳಿಗೆ ಎರಡೆರಡು ರೂಪ ಬೇಕು: ಒಂಟಿಯಾಗಿ ‘ಇನ್ನೂರು’, ಜೊತೆಗೆ ಬಂದಾಗ ‘ಇನ್ನೂರ’. 99 ಮತ್ತು 18 ಸೇರಿ 117 ತುಣುಕು. ಅಷ್ಟಿದ್ದರೆ ಒಂಬೈನೂರ ತೊಂಬತ್ತೊಂಬತ್ತರವರೆಗೆ ಯಾವ ಮೊತ್ತವನ್ನಾದರೂ ಮನುಷ್ಯರು ಹೇಳಿದಂತೆ ಹೇಳಿಸಬಹುದು. ಅರ್ಧ ದಿನದ ಸ್ಟುಡಿಯೊ ಕೆಲಸ.

ಕನ್ನಡ ಅಕ್ಷರದ ಗಾತ್ರ

ಮಂದದೃಷ್ಟಿಯವರಿಗಾಗಿ ಇರುವ ಮಾನಕ ಹೇಳುವುದು ಹೀಗೆ: ನೋಡುವ ದೂರದಿಂದ ರೋಮನ್ ಲಿಪಿಯ ದೊಡ್ಡ ಎಚ್ ಅಕ್ಷರ ಕಣ್ಣಿಗೆ 0.7 ಡಿಗ್ರಿ ಕೋನದಷ್ಟಾದರೂ ಕಾಣಬೇಕು. 700 ಮಿ.ಮೀ. ದೂರ ನಿಂತರೆ ಅದು ಸುಮಾರು ಎಂಟೂವರೆ ಮಿ.ಮೀ. ಎತ್ತರ. ಕನ್ನಡದಲ್ಲಿ ದೊಡ್ಡಕ್ಷರ ಎಂಬುದೇ ಇಲ್ಲ, ಒತ್ತುಗಳು ಕೆಳಗೆ ಇಳಿಯುತ್ತವೆ, ಗುಣಿಸು ಮೇಲೆ ಏರುತ್ತದೆ. ಇಡೀ ‘ಷ್ಟ್ರೀ’ಯನ್ನು ಅಳೆದು ಎಂಟೂವರೆ ಬಂತು ಎಂದರೆ ಅದರೊಳಗಿನ ‘ಷ’ ಅದರ ಅರ್ಧವೂ ಇರುವುದಿಲ್ಲ. ಅಳೆಯಬೇಕಾದ್ದು ಒತ್ತು, ಗುಣಿಸು ಬಿಟ್ಟು ಬರೀ ‘ನ’ ಅಥವಾ ‘ರ’ದ ಎತ್ತರವನ್ನು, ಅದೂ ಗಾಜಿನ ಮೇಲೆ ಸ್ಕೇಲ್ ಇಟ್ಟು. ಕಂಪ್ಯೂಟರಿನ ಪಾಯಿಂಟ್ ಲೆಕ್ಕ ಫಾಂಟಿನಿಂದ ಫಾಂಟಿಗೆ ಬದಲಾಗುತ್ತದೆ. ‘ದ’ಕ್ಕೂ ‘ಧ’ಕ್ಕೂ ಇರುವ ವ್ಯತ್ಯಾಸ ಕೆಳಗಿನ ಒಂದು ಸೀಳು, ಆ ಸೀಳು ಕಾಣುವಷ್ಟು ದಪ್ಪನೆಯ, ಬಿಡಿಬಿಡಿಯಾದ ಫಾಂಟ್ ಬೇಕು.

ಸಾಲಿನ ಎತ್ತರವನ್ನು ಇಂಗ್ಲಿಷಿಗೆ ಹೊಂದಿಸಿಟ್ಟು ಕನ್ನಡ ಸುರಿದರೆ ಗುಂಡಿಯ ಅಂಚು ಒತ್ತಕ್ಷರವನ್ನು ಕತ್ತರಿಸುತ್ತದೆ. ಪಟ್ಟಣಗೆರೆ ‘ಪಟಣಗೆರೆ’ ಆಗುತ್ತದೆ. ಬಣ್ಣದಲ್ಲಿ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ವೈದೃಶ್ಯ (ಕಾಂಟ್ರಾಸ್ಟ್) ಇರಬೇಕು. ಹಳದಿಯ ಮೇಲೆ ಬಿಳಿ ಅಕ್ಷರ ಇದರ ಹತ್ತಿರಕ್ಕೂ ಬರದು, ಬಿಸಿಲು ಬಿದ್ದರಂತೂ ಯಾರಿಗೂ ಕಾಣದು. ಕೆಂಪು ದೀಪ, ಹಸಿರು ದೀಪದಿಂದಷ್ಟೇ ಸ್ಥಿತಿ ಹೇಳಬೇಡಿ. ಜೊತೆಗೆ ಪದವೋ ಗುರುತೋ ಇರಲಿ.

ಹಣ ಕೊಡುವ ಹೊತ್ತು

ಹೆಚ್ಚಿನ ಸಲ ದಾರಿ ತುಂಡಾಗುವುದು ಇಲ್ಲೇ. ಪರದೆಯ ಮೇಲೆ ಯುಪಿಐ ಕ್ಯೂಆರ್ ಕೋಡ್ ಬರುತ್ತದೆ. ಕಣ್ಣು ಕಾಣದವರು ಫೋನಿನ ಕ್ಯಾಮೆರಾವನ್ನು ಎಲ್ಲಿಗೆ ಹಿಡಿಯಬೇಕು? ಕೋಡ್ ಪ್ರತಿ ಸಲ ಒಂದೇ ಜಾಗದಲ್ಲಿ ಬರಲಿ, ಆ ಜಾಗದ ಎರಡೂ ಬದಿಗೆ ಪರದೆಯ ಚೌಕಟ್ಟಿನ ಮೇಲೆ ಉಬ್ಬು ಗೆರೆ ಇರಲಿ, ದನಿ ಹೇಳಲಿ: ‘ಕೋಡ್ ಪರದೆಯ ನಡುವೆ ಇದೆ, ಗುಂಡಿಗಳಿಂದ ಒಂದು ಗೇಣು ಮೇಲೆ.’ ಇಲ್ಲೊಂದು ಬಲೆಯೂ ಇದೆ. ಗೌಪ್ಯತೆಗಾಗಿ ದನಿ ಶುರುವಾದಾಗ ಪರದೆಯನ್ನು ಕಪ್ಪು ಮಾಡುವ ಯಂತ್ರಗಳಲ್ಲಿ ಕ್ಯೂಆರ್ ಕೋಡ್ ಕೂಡ ಕಪ್ಪಾಗುತ್ತದೆ! ಆ ಪರದೆಯನ್ನು ಮಾತ್ರ ಬೆಳಗಿಸಬೇಕು.

ಕಾರ್ಡ್ ಆದರೆ ಪಿನ್ ಒತ್ತಲು ಗಟ್ಟಿ ಗುಂಡಿಗಳೇ ಬೇಕು: 5ರ ಮೇಲೆ ಚುಕ್ಕೆ, ರದ್ದಿಗೆ ಕೆಂಪು, ತಿದ್ದಲು ಹಳದಿ, ಒಪ್ಪಲು ಹಸಿರು, ಮೂರರ ಮೇಲೂ ಬೇರೆ ಬೇರೆ ಉಬ್ಬು ಗುರುತು. ಗಾಜಿನ ಮೇಲೆ ಅಂಕಿಗಳ ಜಾಗವನ್ನು ಪ್ರತಿ ಸಲ ಅದಲುಬದಲು ಮಾಡುವ ಭದ್ರತೆಯ ಉಪಾಯ ಅಂಧರನ್ನು ಪೂರ್ತಿ ಹೊರಗಿಡುತ್ತದೆ. ಅಂಥ ಕಡೆ ಪಿನ್ ಅನ್ನು ಅಪರಿಚಿತರ ಕಿವಿಗೆ ಹೇಳದೆ ಬೇರೆ ದಾರಿಯಿಲ್ಲ, ಇದಕ್ಕಿಂತ ದೊಡ್ಡ ಅಭದ್ರತೆ ಯಾವುದು? 2021ರ ಜನವರಿಯಿಂದ 5,000 ರೂಪಾಯಿವರೆಗೆ ಪಿನ್ ಇಲ್ಲದೆ ಕಾರ್ಡ್ ತಾಗಿಸಿ ಕೊಡಲು ಅವಕಾಶವಿದೆ. ಟಿಕೆಟಿನಂಥ ಸಣ್ಣ ಮೊತ್ತಕ್ಕೆ ಇದೇ ಎಲ್ಲಕ್ಕಿಂತ ಸುಲಭದ ದಾರಿ, ಕಾರ್ಡ್ ತಾಗಿಸುವ ಜಾಗ ಕೈಗೆ ಗೊತ್ತಾಗುವಂತೆ ಉಬ್ಬಿದ್ದರೆ.

ಬೆರಳಚ್ಚು, ಮುಖ, ಕಣ್ಣಿನ ಪಾಪೆ ಇವುಗಳಲ್ಲಿ ಯಾವುದೊಂದನ್ನೂ ಏಕೈಕ ದಾರಿ ಮಾಡಬಾರದು. ಕುಷ್ಠದಿಂದ ಬೆರಳು ಸವೆದವರಿದ್ದಾರೆ, ಕಲ್ಲು ಮಣ್ಣಿನ ಕೆಲಸದಲ್ಲಿ ಗೆರೆ ಅಳಿಸಿಹೋದವರಿದ್ದಾರೆ. ‘ಕಣ್ಣು ಮಿಟುಕಿಸಿ’ ಎಂಬ ಆದೇಶವನ್ನು ಪಾಲಿಸಲಾಗದ ಆಸಿಡ್ ದಾಳಿ ಸಂತ್ರಸ್ತರು ಸುಪ್ರೀಂ ಕೋರ್ಟಿಗೆ ಹೋಗಬೇಕಾಯಿತು. 2025ರ ಏಪ್ರಿಲ್ 30ರ ತೀರ್ಪು ಡಿಜಿಟಲ್ ಸೇವೆಗಳಿಗೆ ಪ್ರವೇಶ ಜೀವಿಸುವ ಹಕ್ಕಿನ ಭಾಗವೇ ಎಂದು ಹೇಳಿ, ಗ್ರಾಹಕರ ಗುರುತು ಖಚಿತಪಡಿಸುವ ಕೆವೈಸಿ ವಿಧಾನಗಳನ್ನು ಬದಲಿಸಲು ನಿರ್ದೇಶನಗಳನ್ನು ಕೊಟ್ಟಿತು.

ಹೊತ್ತಿನ ಮಾತು ಎಲ್ಲರಿಗೂ ಸೇರಿದ್ದು. ನಿಧಾನವಾಗಿ ಓದುವವರು, ಫೋನಿನಲ್ಲಿ ಒಟಿಪಿ ಹುಡುಕುವವರು, ಒಂದೇ ಕೈಯಲ್ಲಿ ಪರ್ಸ್ ತೆರೆಯುವವರು ಇವರನ್ನೆಲ್ಲ 30 ಸೆಕೆಂಡಿಗೆ ಹೊರದಬ್ಬುವ ಯಂತ್ರಗಳಿವೆ. ಅವಧಿ ಮುಗಿಯುವ ಮೊದಲು ಎಚ್ಚರಿಸಬೇಕು, ಕನಿಷ್ಠ 20 ಸೆಕೆಂಡ್ ಕೊಟ್ಟು ಒಂದೇ ಗುಂಡಿಯಲ್ಲಿ ಮುಂದುವರಿಸಲು ಬಿಡಬೇಕು, ಹಾಗೆ ಹತ್ತು ಸಲವಾದರೂ ಬಿಡಬೇಕು. ಆ ಎಚ್ಚರಿಕೆ ಬರೀ ಬೀಪ್ ಆಗಿದ್ದರೆ ಕಿವುಡರಿಗೆ ಗೊತ್ತಾಗದು, ಬರೀ ಚಿತ್ರವಾಗಿದ್ದರೆ ಅಂಧರಿಗೆ ಗೊತ್ತಾಗದು. ಸಹಾಯಕ್ಕೆ ಇಟ್ಟ ಗುಂಡಿ ಫೋನ್ ಕರೆಯನ್ನಷ್ಟೇ ಮಾಡುವುದಾದರೆ ಕಿವುಡರಿಗೆ ಸಹಾಯವೇ ಇಲ್ಲ. ಪರದೆಯಲ್ಲೇ ಬರೆದು ಕೇಳುವ ಸೌಲಭ್ಯ ಬೇಕು, ಜೊತೆಗೆ ಸಂಜ್ಞಾ ಭಾಷೆಯ ವೀಡಿಯೊ ಕರೆಯೂ ಬೇಕು.

ಕೊನೆಗೆ ರಸೀದಿ. ಬಾಯಿ ಎಲ್ಲಿದೆ ಎಂದು ಹೇಳಬೇಕು, ಕಾಗದ ಎರಡು ಬೆರಳಿಗೆ ಸಿಗುವಷ್ಟು ಹೊರಬಂದು ಅಲ್ಲೇ ನಿಂತಿರಬೇಕು, ಅದರಲ್ಲಿ ಬರೆದಿರುವುದನ್ನು, ಅಂದರೆ ಟೋಕನ್ ಸಂಖ್ಯೆ, ಪ್ಲಾಟ್‌ಫಾರಂ, ಕೋಣೆ ಇವನ್ನು ಓದಿ ಹೇಳಬೇಕು. ಆಸ್ಪತ್ರೆಯಲ್ಲಿ ಟೋಕನ್ ಸಿಕ್ಕ ಮೇಲೆ ಸರದಿ ಕರೆಯುವುದು ಗೋಡೆಯ ಬೋರ್ಡಿನ ಅಂಕಿಯಿಂದಷ್ಟೇ ಆದರೆ ಒಬ್ಬರು ಕಾಯುತ್ತಲೇ ಕೂರುತ್ತಾರೆ, ಬರೀ ಕೂಗಿನಿಂದ ಆದರೆ ಇನ್ನೊಬ್ಬರು.

ಪರೀಕ್ಷೆ ಮತ್ತು ದೂರು

ಟೆಂಡರಿನಲ್ಲಿ ‘ಐಎಸ್ 17802ಕ್ಕೆ ಹೊಂದಿರಬೇಕು’ ಎಂಬ ಒಂದು ಸಾಲು ಬರೆದರೆ ಪ್ರಮಾಣಪತ್ರ ಬರುತ್ತದೆ, ಯಂತ್ರ ಬಾರದೆ ಹೋಗಬಹುದು. ಅದರ ಕೆಳಗೆ ಇನ್ನೊಂದು ಸಾಲು ಇರಲಿ: ಅಂಧರು, ಮಂದದೃಷ್ಟಿಯವರು, ಗಾಲಿಕುರ್ಚಿ ಬಳಸುವವರು, ಕಿವುಡರು, ಕೈಯಲ್ಲಿ ಬಲವಿಲ್ಲದವರು, ಓದಲು ಕಷ್ಟಪಡುವವರು ತಲಾ ಇಬ್ಬರು ಬಂದು, ಯಂತ್ರ ನಿಲ್ಲುವ ಜಾಗದಲ್ಲೇ, ಯಾರ ನೆರವೂ ಇಲ್ಲದೆ ಟಿಕೆಟ್ ಪಡೆದ ಮೇಲಷ್ಟೇ ಕೊನೆಯ ಕಂತು. ಅವರ ಆ ದಿನದ ಶ್ರಮಕ್ಕೆ ಹಣ ಕೊಡಿ, ಅದು ಪರಿಣತರ ಕೆಲಸ. ಸಾಫ್ಟ್‌ವೇರ್ ಬದಲಾದಾಗಲೆಲ್ಲ ಪರೀಕ್ಷೆ ಮತ್ತೆ ಆಗಲಿ. ವಾರಕ್ಕೊಮ್ಮೆ ಸಿಬ್ಬಂದಿ ಹೆಡ್‌ಫೋನ್ ಸಿಕ್ಕಿಸಿ, ಪರದೆಗೆ ಬಟ್ಟೆ ಹೊದಿಸಿ, ಅತಿ ಕಡಿಮೆ ದರದ ಒಂದು ಟಿಕೆಟ್ ತೆಗೆದು ನೋಡಲಿ, ಹಣ ಕೊಡುವಾಗ ಮಾತ್ರ ಬಟ್ಟೆ ಸರಿಸಲಿ. ಐದು ನಿಮಿಷದ ಕೆಲಸ. ಮುಚ್ಚಿದ ತೂತು, ಮೂಕ ಪರದೆ, ಬದಲಾದ ಕೀಪ್ಯಾಡ್ ಮೂರೂ ಅದರಲ್ಲೇ ಸಿಕ್ಕಿಬೀಳುತ್ತವೆ.

ಬಳಸಲಾಗದ ಯಂತ್ರದ ಬಗ್ಗೆ ರಾಜ್ಯದ ಅಂಗವಿಕಲ ವ್ಯಕ್ತಿಗಳ ಆಯುಕ್ತರಿಗೆ ದೂರು ಕೊಡಬಹುದು. ಕಾಯ್ದೆಯ 89ನೇ ಕಲಂ ಮೊದಲ ಉಲ್ಲಂಘನೆಗೆ 10,000 ರೂಪಾಯಿವರೆಗೆ, ಮತ್ತೆ ಮಾಡಿದರೆ 50,000ದಿಂದ 5 ಲಕ್ಷ ರೂಪಾಯಿವರೆಗೆ ದಂಡ ಹೇಳುತ್ತದೆ. ದೂರಿನಲ್ಲಿ ‘ಯಂತ್ರ ಸುಗಮವಾಗಿಲ್ಲ’ ಎಂದಷ್ಟೇ ಬರೆದರೆ ‘ರ್‍ಯಾಂಪ್ ಇದೆ, ಬ್ರೈಲ್ ಇದೆ’ ಎಂಬ ಉತ್ತರ ಬರುತ್ತದೆ. ಯಂತ್ರದ ಮೇಲಿನ ಸಂಖ್ಯೆ, ಜಾಗ, ದಿನ, ಹೊತ್ತು, ಯಾವ ಕೆಲಸಕ್ಕೆ ಹೋದದ್ದು, ಎಷ್ಟನೇ ಹೆಜ್ಜೆಯಲ್ಲಿ ನಿಂತುಹೋಯಿತು, ಆ ಕ್ಷಣ ಯಂತ್ರ ಏನು ಹೇಳಿತು ಅಥವಾ ಏನೂ ಹೇಳಲಿಲ್ಲ ಎಂಬುದನ್ನು ಬರೆಯಿರಿ.